ಫಾರಿನ್‌ಗೆ ಹೊರಟಿದ್ದೀರಾ? ಊರಿಗೆ ಫೋನ್ ಮಾಡೋದು ಹೀಗೆ

ಸತ್ತೇಗಾಲ: ಸೌದಿ, ದುಬೈಗೆ ಕೆಲಸಕ್ಕೆ ಹೋಗುವವರು, ಹಜ್ ಯಾತ್ರೆಗೆ ಹೊರಡುವವರು, ಮಗಳ ಬಾಣಂತನಕ್ಕೆ ಅಮೆರಿಕ ವಿಮಾನ ಹತ್ತುವ ತಾಯಂದಿರು, ಎಲ್ಲರಿಗೂ ಎದುರಾಗುವ ತೊಂದರೆ ಒಂದೇ. ಅಲ್ಲಿನ ಸಿಮ್ ಹಾಕಿ ಊರಿನ ನಂಬರ್ ಒತ್ತಿದರೆ ಕಾಲ್ ಹೋಗಲ್ಲ. ನಂಬರ್ ಸರಿಯಾಗೇ ಇರುತ್ತೆ, ಮುಂದೆ ದೇಶದ ಕೋಡ್ ಇರಲ್ಲ ಅಷ್ಟೆ. ಇದನ್ನು ಹೊರಡೋ ಮುಂಚೆ ಮನೆಯಲ್ಲೇ ಸರಿ ಮಾಡಿಕೊಳ್ಳಿ.

ಮೊಬೈಲ್‌ನಿಂದ: ಮನೆಯವರ ನಂಬರ್‌ಗಳನ್ನೆಲ್ಲ +91 ಸೇರಿಸಿ ಸೇವ್ ಮಾಡಿ. ಸೊನ್ನೆಯನ್ನು ಒತ್ತಿ ಹಿಡಿದರೆ + ಬರುತ್ತೆ. ಹೀಗೆ ಸೇವ್ ಮಾಡಿದ ನಂಬರ್ ಯಾವ ದೇಶದಿಂದಲೂ ಹೋಗುತ್ತೆ, ಇಲ್ಲೂ ನಡೆಯುತ್ತೆ.

ರೂಮಿನ ಲ್ಯಾಂಡ್‌ಲೈನ್‌ನಿಂದ: ಅದರಲ್ಲಿ + ಇರಲ್ಲ. ಸೌದಿ, ಯುಎಇ, ಕುವೈತ್, ಕತಾರ್, ಮಲೇಷ್ಯಾದಿಂದ 00 ಒತ್ತಿ 91 ಹಾಕಿ. ಅಮೆರಿಕ, ಕೆನಡಾದಿಂದ 011, ಆಸ್ಟ್ರೇಲಿಯಾದಿಂದ 0011.

ಅಂಗಡಿಯ ಲ್ಯಾಂಡ್‌ಲೈನ್‌ಗೆ: ಕೊಳ್ಳೇಗಾಲದ ಎಸ್‌ಟಿಡಿ ಕೋಡ್ 08224. ಹೊರದೇಶದಿಂದ ಮಾಡುವಾಗ ಮೊದಲಿನ ಸೊನ್ನೆ ಬಿಡಬೇಕು. ಅಂದರೆ +91 8224, ಆಮೇಲೆ ಅಂಗಡಿ ನಂಬರ್. ತುಂಬಾ ಜನ ತಪ್ಪೋದು ಇಲ್ಲೇ.

ಇಲ್ಲಿಂದ ಅಲ್ಲಿಗೆ: ಸೌದಿ +966, ಯುಎಇ +971, ಕುವೈತ್ +965, ಕತಾರ್ +974, ಒಮಾನ್ +968, ಸಿಂಗಪುರ +65. ಸೌದಿ, ದುಬೈ ಮೊಬೈಲ್ ನಂಬರ್ 05 ಎಂದು ಶುರುವಾದರೆ ಆ ಸೊನ್ನೆಯನ್ನೂ ಬಿಡಿ. ಸಮಯ ನೋಡಿಕೊಂಡು ಮಾಡಿ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ.

ಊರಿನ ಸಿಮ್: ಬ್ಯಾಂಕ್ ಒಟಿಪಿ ಇದಕ್ಕೇ ಬರೋದರಿಂದ ಎಸೆಯಬೇಡಿ. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನು ಇಲ್ಲಿರುವಾಗಲೇ ಆನ್ ಮಾಡಿಸಿ. ರೋಮಿಂಗ್‌ನಲ್ಲಿ ಬರುವ ಕಾಲ್ ಎತ್ತಿದರೂ ದುಡ್ಡು ಹೋಗುತ್ತೆ. ಪ್ಯಾಕ್ ಇಲ್ಲದಿದ್ದರೆ ಡೇಟಾ ರೋಮಿಂಗ್ ಆಫ್ ಇರಲಿ.

ವಾಟ್ಸಾಪ್: ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕಾಲ್‌ಗೆ ತಡೆ ಇದೆ. ಅಲ್ಲಿನವರು ಬೋಟಿಮ್‌ನಂಥ ಒಪ್ಪಿಗೆ ಪಡೆದ ಆ್ಯಪ್ ಬಳಸುತ್ತಾರೆ. ಮಗನ ಕಾಲ್ ಬರಲಿಲ್ಲ ಅಂತ ಮನೆಯವರು ಗಾಬರಿಯಾಗೋದು ಬೇಡ.

ಮೋಸದ ಕಾಲ್: ಗೊತ್ತಿಲ್ಲದ ಫಾರಿನ್ ನಂಬರಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ. ಹೊರದೇಶದಿಂದ ಬಂದ ಕಾಲ್ ಭಾರತದ ನಂಬರ್ ತೋರಿಸಿದರೆ 1963ಕ್ಕೆ ತಿಳಿಸಿ. ದುಡ್ಡು ಕಳಕೊಂಡರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕಷ್ಟಕ್ಕೆ ಸಿಕ್ಕಿದರೆ: ಯುಎಇಯಲ್ಲಿ ಸಂಬಳ, ಪಾಸ್‌ಪೋರ್ಟ್ ತಕರಾರು ಇದ್ದರೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯ ಕೇಂದ್ರವಿದೆ. ಅಲ್ಲಿಂದ 80046342 ಒತ್ತಿದರೆ ಉಚಿತ. ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿ ನಂಬರ್ ಬರೆದಿಟ್ಟುಕೊಳ್ಳಿ.

ಕೊನೆಗೊಂದು ಮಾತು. ಮೊಬೈಲ್ ಕಳೆದರೆ ಅದರಲ್ಲಿರೋ ನಂಬರ್‌ಗಳೂ ಹೋದ ಹಾಗೆ. ಮನೆಯವರ ಎರಡು ನಂಬರನ್ನು +91 ಸಮೇತ ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ನಿಮ್ಮ ಅಲ್ಲಿನ ನಂಬರ್, ಕಂಪನಿ ನಂಬರ್ ಎರಡನ್ನೂ ಕೋಡ್ ಸಮೇತ ಮನೆ ಕ್ಯಾಲೆಂಡರ್ ಮೇಲೆ ಬರೆಸಿ. ರಾತ್ರೋರಾತ್ರಿ ಊರಲ್ಲಿ ಏನಾದರೂ ಆದರೆ ವಿಷಯ ಮುಟ್ಟಿಸೋಕೆ ಅದೇ ದಾರಿ.