ಹಳೆಯ ಕುಣಿಗಳ ಜಾಡಿನಲ್ಲಿ: ಕರ್ನಾಟಕದಲ್ಲಿ ಚಿನ್ನದ ಆರಂಭಿಕ ಅನ್ವೇಷಣೆ

ಕರ್ನಾಟಕದಲ್ಲಿ ಚಿನ್ನ ಸಿಗುವುದು ಬಹುಮಟ್ಟಿಗೆ ಒಂದೇ ಬಗೆಯ ನೆಲದಲ್ಲಿ. ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿಬಂದ ಲಾವಾ ತಣಿದು ಗಟ್ಟಿಯಾಗಿ, ಮುಂದೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ ಹಸಿರು ಛಾಯೆಯ ಶಿಲೆಗಳು ಉತ್ತರ ದಕ್ಷಿಣವಾಗಿ ಉದ್ದುದ್ದ ಪಟ್ಟಿಗಳಂತೆ ಉಳಿದಿವೆ. ಕೋಲಾರ, ಚಿತ್ರದುರ್ಗ, ಗದಗ, ಹಟ್ಟಿ-ಮಸ್ಕಿ ಪಟ್ಟಿಗಳು ಇವುಗಳಲ್ಲಿ ಮುಖ್ಯವಾದವು. ಶಿಲೆಯ ಬಿರುಕುಗಳಲ್ಲಿ ಬಿಸಿನೀರಿನೊಡನೆ ಏರಿಬಂದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಕೂತಿದೆ. ಪಟ್ಟಿಗಳ ನಡುವಣ ವಿಶಾಲ ನೆಲವೆಲ್ಲ ನೈಸ್ ಮತ್ತು ಗ್ರಾನೈಟು. ಬೆಂಗಳೂರಿನ ಹೆಬ್ಬಾಳ, ಯಲಹಂಕಗಳ ಬಂಡೆಯೂ ಈ ಜಾತಿಯದೇ. ಅಲ್ಲಿ ಕಟ್ಟಡದ ಕಲ್ಲು ಸಿಕ್ಕಿತು, ಚಿನ್ನ ಸಿಗಲಿಲ್ಲ.

ಈ ಪಟ್ಟಿಗಳ ಮೇಲೆ ಭೂವಿಜ್ಞಾನಿಗಳು ಕಾಲಿಡುವುದಕ್ಕೆ ಬಹಳ ಹಿಂದೆಯೇ ಬೇರೆಯವರು ಅಲ್ಲಿ ಅಗೆದಿದ್ದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರ ಗಣಿಗಳು ನೂರಾರು ಅಡಿ ಆಳಕ್ಕೆ ಇಳಿದಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಅದು ಬಿರುಕು ಬಿಟ್ಟ ಮೇಲೆ ಒಡೆದು ತೆಗೆದ ಗುರುತುಗಳು ಗೋಡೆಗಳಲ್ಲಿ ಕಂಡಿವೆ. ಸುತ್ತಲಿನ ಬಂಡೆಗಳ ಮೇಲೆ ಅದಿರು ಕುಟ್ಟಿ ಅರೆದ ಕುಳಿಗಳೂ ಇವೆ. ಮುಂದೆ ಈ ನಾಡಿನಲ್ಲಿ ನಡೆದ ಚಿನ್ನದ ಹುಡುಕಾಟದ ಹೆಚ್ಚಿನ ಪಾಲು ಇಂಥ ಹಳೆಯ ಕುಣಿಗಳನ್ನು ಹಿಂಬಾಲಿಸಿಯೇ ಸಾಗಿತು. ಕಡತಗಳಲ್ಲಿ 'ಶೋಧಕ' ಎನಿಸಿಕೊಂಡವರು ಮೊದಲು ಮಾಡಿದ ಕೆಲಸವೆಂದರೆ ಹೆಸರಿಲ್ಲದ ಅಗೆತಗಾರರ ಅರಿವನ್ನು ಓದಿಕೊಂಡದ್ದು. ಇತಿಹಾಸಕಾರರು ಇದನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಲಿಖಿತ ದಾಖಲೆ ಶುರುವಾಗುವುದು 1802ರಲ್ಲಿ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಗಡಿ ಗುರುತಿಸುವ ಕೆಲಸದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಕೋಲಾರದ ಕಡೆಯ ಹಳ್ಳಿಗಳಲ್ಲಿ ಚಿನ್ನದ ಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಸಾರಿದ. ಉರಿಗಾಂ ಕಡೆಯ ಜನ ಗಾಡಿಗಳಲ್ಲಿ ಮಣ್ಣು ತಂದು ಅವನೆದುರೇ ತೊಳೆದರು. ತಳದಲ್ಲಿ ಹೊಳೆಯುವ ಕಣಗಳು ಉಳಿದವು. ಮಾರಿಕುಪ್ಪಂ ಬಳಿ ಗಂಡಸರು ಗುಂಡಿಗಿಳಿದು ಕಲ್ಲು ಕಿತ್ತು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು, ಹೆಂಗಸರು ಅದನ್ನು ಪುಡಿಮಾಡಿ ತೊಳೆಯುತ್ತಿದ್ದರು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಎಂಬುದು ವಾರೆನ್ನನ ಲೆಕ್ಕವೆಂದು ಹೇಳಲಾಗುತ್ತದೆ. ಇಂದಿನ ಅಳತೆಯಲ್ಲಿ ಅದು ಟನ್ನಿಗೆ ಒಂದು ಗ್ರಾಂಗಿಂತ ತುಸು ಹೆಚ್ಚು. ಮೇಲ್ಮಣ್ಣಿನಲ್ಲಿ ಇಷ್ಟು ಕಂಡುಬಂದರೆ ಈಗಿನ ಯಾವ ಅನ್ವೇಷಕನೂ ಆ ಜಾಗ ಬಿಟ್ಟು ಏಳುವುದಿಲ್ಲ. ಆದರೂ ಮುಂದಿನ ಅರ್ಧ ಶತಮಾನದ ಪ್ರಯತ್ನಗಳು ಫಲ ಕೊಡಲಿಲ್ಲ. ಅಪಘಾತಗಳಿಂದಾಗಿ 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು.

ವಾರೆನ್ನನ ವರದಿಗೆ ಮರುಜೀವ ಬಂದದ್ದು ಬೆಂಗಳೂರು ದಂಡುಪ್ರದೇಶದಲ್ಲಿ. ಅಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಮೈಕೆಲ್ ಲೆವೆಲ್ ನ್ಯೂಜಿಲೆಂಡಿನಲ್ಲಿದ್ದಾಗ ಚಿನ್ನದ ಗಣಿಗಾರಿಕೆಯ ಪರಿಚಯ ಪಡೆದಿದ್ದ. ಹಳೆಯ ವರದಿ ಓದಿ 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಕುಣಿಗಳನ್ನು ನೋಡಿ ಬಂದ. 1873ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು, 1875ರಲ್ಲಿ ಉರಿಗಾಂ ಬಳಿ ಅಗೆತ ತೊಡಗಿಸಿದ. ಬಂಡವಾಳ ಸಾಲದೆ ಎರಡೇ ವರ್ಷಗಳಲ್ಲಿ ಹಕ್ಕು ಬೇರೆಯವರ ಕೈಸೇರಿತು. ಹುಡುಕುವವನಿಗೂ ಗಣಿ ನಡೆಸುವವನಿಗೂ ನಡುವಿನ ಈ ಬಿರುಕು ಚಿನ್ನದ ಅನ್ವೇಷಣೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಹಾಕಿದಾಗಲೂ ಮೊದಲ ವರ್ಷಗಳು ಬರಿದೇ ಕಳೆದವು. ಅದೇ ಹೊತ್ತಿನಲ್ಲಿ ವಯನಾಡಿನ ಚಿನ್ನಕ್ಕೆಂದು ಹುಟ್ಟಿದ ಕಂಪನಿಗಳು ಒಂದೊಂದಾಗಿ ಮುಳುಗುತ್ತಿದ್ದವು. ಟೇಲರ್ ಕಂಪನಿಯ ಬಂಡವಾಳವೂ ತಳ ಕಾಣುತ್ತಿದ್ದಾಗ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಹಳೆಯ ಕುಣಿಯೊಂದರ ತಳದಿಂದ ಇನ್ನೂ ಕೆಳಕ್ಕೆ ಅಗೆಸಿ ಚಾಂಪಿಯನ್ ಎಂದು ಹೆಸರಾದ ಅದಿರಿನ ಎಳೆಯನ್ನು ಮುಟ್ಟಿದ. ಪ್ರಾಚೀನರು ಕೈಬಿಟ್ಟ ಕಡೆಯಿಂದಲೇ ಅದು ಮುಂದುವರಿದಿತ್ತು. ಆ ಎಳೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದವರೆಗೆ ಗಣಿಗಾರರನ್ನು ಕರೆದೊಯ್ದಿತು. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚುವ ಹೊತ್ತಿಗೆ ತೆಗೆದ ಚಿನ್ನ ಸುಮಾರು 800 ಟನ್.

ಉತ್ತರದ ಪಟ್ಟಿಗಳ ಕಥೆ ಇಷ್ಟು ಸರಳವಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಳು ತೊಳೆದು ಚಿನ್ನ ಆಯುವ ಜಾಲಗಾರರಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಇದೇ ಸೀಮೆಯ ಡಂಬಳದ ಗುಡ್ಡಗಳ ಬಗ್ಗೆ ಬರೆದಾಗ ಈ ತೊಳೆತವೇ ಅವರ ಪರೀಕ್ಷೆಯ ಸಾಧನವಾಗಿತ್ತು. ಯಾವ ಹಳ್ಳದ ಮರಳಲ್ಲಿ ಕಣ ಹೆಚ್ಚೋ ಅದರ ಮೇಲ್ಗಡೆಯ ಗುಡ್ಡದಲ್ಲಿ ಮೂಲವಿರಬೇಕು ಎಂಬುದು ತರ್ಕ; ಇಂದಿನ ಹಳ್ಳದ ಹೂಳಿನ ಸಮೀಕ್ಷೆ ನಿಂತಿರುವುದೂ ಇದರ ಮೇಲೆಯೇ. ಫೂಟ್ ಅವರ ದೊಡ್ಡ ಕೊಡುಗೆ ಮುಂದಿನ ದಶಕದ್ದು. ದೂರದೂರದ ಪಟ್ಟಿಗಳೆಲ್ಲ ಒಂದೇ ಶಿಲಾವರ್ಗಕ್ಕೆ ಸೇರಿದವೆಂದು ತೋರಿಸಿ, ಅದಕ್ಕೆ 'ಧಾರವಾಡ' ಎಂಬ ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನವನ್ನು ಅದರೊಡನೆ ಜೋಡಿಸಿದರು. ಇದರಿಂದ ಎಲ್ಲಿ ಹುಡುಕಬೇಕು ಎಂಬುದಕ್ಕೆ ಮೊದಲ ಬಾರಿಗೆ ನಕ್ಷೆಯ ಆಧಾರ ದೊರಕಿತು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಆರಂಭದಲ್ಲಿ ಅದನ್ನು ನಡೆಸಿದವರೂ ಫೂಟ್. ನಂತರ ಡಬ್ಲ್ಯು. ಎಫ್. ಸ್ಮೀತ್ ಅವರ ಕಾಲದಲ್ಲಿ ಸಂಸ್ಥಾನದ ಶಿಲಾನಕ್ಷೆ ಸಿದ್ಧವಾಯಿತು.

ಗದಗದ ಕಬಲಾಯತಕಟ್ಟಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ತೆರೆದ ಗಣಿ ಬೇಗನೆ ನಿಂತಿತು. ನಿಜಾಮರ ಆಳ್ವಿಕೆಯಲ್ಲಿದ್ದ ಹಟ್ಟಿಯಲ್ಲಿ ಬ್ರಿಟಿಷ್ ಕಂಪನಿಗಳು ಪ್ರಾಚೀನ ಕುಣಿಗಳ ಅಡಿಯಲ್ಲೇ ಗಣಿ ನಡೆಸಿ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಬಿಟ್ಟುಹೋದವು. ಈ ಹುಡುಕಾಟದ ನಡುವೆ, 1915ರಲ್ಲಿ, ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಅಕ್ಷರಗಳನ್ನು ಕಂಡ. ಅದು ಅಶೋಕನ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರು ಮೊದಲು ದೊರೆತದ್ದು ಆ ಬಂಡೆಯಲ್ಲಿ. ಚಿನ್ನ ಅರಸಿದ ಕಣ್ಣು ನಾಡಿನ ಇತಿಹಾಸಕ್ಕೆ ಕೊಟ್ಟ ಇದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ಹಟ್ಟಿಯ ಗಣಿ 1947ರಲ್ಲಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಕಣ್ತೆರೆಯಿತು. ಇಂದು ಅದು ರಾಜ್ಯ ಸರ್ಕಾರದ ಒಡೆತನದಲ್ಲಿದೆ. ಅದೇ ಪಟ್ಟಿಯ ಊಟಿ, ಹೀರಾಬುದ್ದಿನ್ನಿಗಳಲ್ಲೂ ಅದಿರು ಗೊತ್ತಾಗಿದೆ.

ಸ್ವಾತಂತ್ರ್ಯದ ನಂತರ ಅನ್ವೇಷಣೆಯ ಕ್ರಮ ಒಂದು ಶಿಸ್ತಿಗೆ ಬಂತು. ಮೊದಲು ಹಳ್ಳದ ಹೂಳು ಮತ್ತು ಮಣ್ಣಿನ ಮಾದರಿ. ಚಿನ್ನದ ಜೊತೆಗಾರ ಆರ್ಸೆನಿಕ್ ಹೆಚ್ಚಿದ್ದರೂ ಅದು ಸುಳಿವೇ. ನಂತರ ಶಿಲಾಪಟ್ಟಿಗೆ ಅಡ್ಡಲಾಗಿ ಕಾಲುವೆ ತೋಡಿ, ಉಳಿಯಿಂದ ಒಂದೇ ಅಗಲದ ಗೀರು ಕೊರೆದು ಕಲ್ಲು ಸಂಗ್ರಹಿಸುತ್ತಾರೆ. ಇಲ್ಲಿ ಭರವಸೆ ಮೂಡಿದರೆ ಮಾತ್ರ ವಜ್ರದ ಮೊನೆಯ ಕೊರೆತ. ಮೇಲೆ ಬಂದ ಶಿಲಾದಂಡವನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಆಳದ ಗುರುತು ಬರೆದ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಇನ್ನೊಂದನ್ನು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿ ಅದನ್ನು ಹಿಟ್ಟಿನಂತೆ ಅರೆದು ಸೀಸದ ಆಕ್ಸೈಡಿನೊಡನೆ ಕುಲುಮೆಗೆ ಹಾಕಿದರೆ, ಕರಗಿದ ಸೀಸ ಚಿನ್ನವನ್ನೆಲ್ಲ ಹೀರಿಕೊಂಡು ತಳಕ್ಕಿಳಿಯುತ್ತದೆ. ಆ ಸೀಸವನ್ನು ಮತ್ತೆ ಸುಟ್ಟು ಕಳೆದಾಗ ಉಳಿಯುವುದು ಸಾಸಿವೆಗಿಂತ ಚಿಕ್ಕದೊಂದು ಮಣಿ. ಒಂದು ನಿಕ್ಷೇಪದ ಭವಿಷ್ಯ ಆ ಮಣಿಯ ತೂಕದ ಮೇಲೆ ನಿಂತಿರುತ್ತದೆ. ಆದರೆ ಚಿನ್ನ ಶಿಲೆಯಲ್ಲಿ ಒಂದೇ ಸಮ ಹರಡಿರುವುದಿಲ್ಲ. ಒಂದು ದಪ್ಪ ಕಣ ಬಿದ್ದ ಮಾದರಿ ಇಡೀ ಲೆಕ್ಕವನ್ನು ಏರಿಸಿಬಿಡಬಹುದು. ಆದ್ದರಿಂದ ಒಂದೆರಡು ಕೊರೆತಗಳ ಫಲ ನೋಡಿ ಗಣಿಯ ಮಾತಾಡುವುದು ಅವಸರವಾಗುತ್ತದೆ.

ಈ ಹಂತಗಳಿಗೆ ಕಾನೂನಿನ ಚೌಕಟ್ಟು ಒದಗಿಸಿದ್ದು 1957ರ ಗಣಿ ಮತ್ತು ಖನಿಜ ಕಾಯ್ದೆ. 1999ರ ತಿದ್ದುಪಡಿ ವಿಶಾಲ ಪ್ರದೇಶದ ಪ್ರಾಥಮಿಕ ಸಮೀಕ್ಷೆಗೆ ಪ್ರತ್ಯೇಕ ಪರವಾನಗಿ ತಂದಿತು. ಖಾಸಗಿ ಕಂಪನಿಗಳು ಆಗ ಧಾರವಾಡ ಪಟ್ಟಿಗಳತ್ತ ಬಂದವು. ಹಾವೇರಿ ಬಳಿಯ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಪತ್ತೆಯಾದದ್ದು ಈ ಅವಧಿಯ ದುಡಿಮೆಯಿಂದ. 2015ರಲ್ಲಿ ಹರಾಜು ಪದ್ಧತಿ ಜಾರಿಯಾಯಿತು. ಹುಡುಕಿದವರಿಗೇ ಗಣಿಗುತ್ತಿಗೆ ಸಿಗುವ ಹಳೆಯ ದಾರಿಯಲ್ಲಿ ಬಾಕಿಯಿದ್ದ ಅರ್ಜಿಗಳು 2021ರ ತಿದ್ದುಪಡಿಯಿಂದ ರದ್ದಾದವು. ಸಾರ್ವಜನಿಕ ಸಂಪತ್ತು ಪಾರದರ್ಶಕವಾಗಿ ಹಂಚಿಕೆಯಾಗಬೇಕೆಂಬುದು ನ್ಯಾಯವೇ. ಆದರೆ ಫಲ ತನ್ನದಾಗುವ ಭರವಸೆಯಿಲ್ಲದೆ ವರ್ಷಗಟ್ಟಲೆ ಹಣ ಹೂಡಿ ಹುಡುಕುವವರು ವಿರಳ. 2023ರ ತಿದ್ದುಪಡಿ ಈ ಕೊರತೆ ನೀಗಿಸಲು ಆಳದಲ್ಲಿ ಹುದುಗಿದ ಖನಿಜಗಳಿಗೆಂದೇ ಅನ್ವೇಷಣಾ ಪರವಾನಗಿ ಎಂಬ ಹೊಸ ಬಗೆಯನ್ನು ಸೃಷ್ಟಿಸಿತು. ಅದರ ಪಟ್ಟಿಯಲ್ಲಿರುವ 29 ಖನಿಜಗಳಲ್ಲಿ ಚಿನ್ನವೂ ಒಂದು. ಪರವಾನಗಿ ಪಡೆದವರು ಹುಡುಕಿಕೊಟ್ಟ ಜಾಗ ಹರಾಜಾದರೆ, ಗುತ್ತಿಗೆದಾರರು ಕಟ್ಟುವ ಹರಾಜು ಮೊತ್ತದಲ್ಲಿ ಅವರಿಗೂ ಪಾಲುಂಟು.