ಪರದೆಯ ಮೇಲಿನ ರಾಜಬೀದಿ

ಪ್ರೌಢಶಾಲೆಯ ಸಮಾಜ ಪಾಠದಲ್ಲಿ ಯೂರೋಪಿನ ಪುನರುಜ್ಜೀವನಕ್ಕೆ ಸಿಗುವುದು ಕೆಲವೇ ಪುಟ. ಲಿಯೊನಾರ್ಡೊ, ಮೈಕೆಲಾಂಜೆಲೊ, ರಾಫೆಲ್ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಇಟಲಿಗೂ ನಮ್ಮ ಗುಬ್ಬಿಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ತೋರಿಸುವುದು ನಮ್ಮ ನಾಟಕದ ಪರದೆಯನ್ನು.

ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಒಯ್ದದ್ದು ನಾಟಕ. 1884ರಲ್ಲಿ ಇಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು (1891–1972) ಮುಂದೆ ಅದರ ಒಡೆಯರಾದರು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬರುತ್ತಿದ್ದುವಂತೆ. ನಮ್ಮ ಹಿರಿಯರು ಆನೆಯ ಕಥೆಯನ್ನು ಹೇಳಿ ದಣಿಯರು. ಆ ಆನೆಯ ಹಿಂದೆ ತೂಗಿದ್ದ ಪರದೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಪರದೆಯನ್ನು ಒಮ್ಮೆ ನಿಧಾನವಾಗಿ ನೋಡಿ. ರಾಜಬೀದಿಯ ಎರಡು ಕಡೆಯ ಉಪ್ಪರಿಗೆಗಳು ದೂರ ಹೋದಂತೆ ಕಿರಿದಾಗುತ್ತವೆ. ದರ್ಬಾರಿನ ಕಂಬಗಳು ಒಂದರ ಹಿಂದೊಂದು ಗಿಡ್ಡಾಗುತ್ತವೆ. ನೆಲದ ಕಪ್ಪು ಬಿಳುಪು ಚೌಕಗಳು ಒಂದೇ ಬಿಂದುವಿನ ಕಡೆಗೆ ಓಡುತ್ತವೆ. ಚಪ್ಪಟೆ ಬಟ್ಟೆಯ ಮೇಲೆ ಒಂದು ಫರ್ಲಾಂಗು ದಾರಿ!

ಈ ಲೆಕ್ಕವನ್ನು ಫ್ಲಾರೆನ್ಸಿನ ಬ್ರುನೆಲೆಸ್ಕಿ ಹದಿನೈದನೆಯ ಶತಮಾನದ ಮೊದಲಲ್ಲಿ ಹಲಗೆಯ ಮೇಲೆ ಚಿತ್ರ ಬರೆದು, ಕನ್ನಡಿ ಹಿಡಿದು ತೋರಿಸಿದ. ಆಲ್ಬೆರ್ಟಿ 1435ರಲ್ಲಿ ಅದಕ್ಕೆ ಶಾಸ್ತ್ರ ಬರೆದ. 1545ರಲ್ಲಿ ಸೆರ್ಲಿಯೊ ಎಂಬ ವಾಸ್ತುಶಿಲ್ಪಿ ಅದನ್ನು ರಂಗಭೂಮಿಗೆ ಹೊಂದಿಸಿ ಮೂರು ದೃಶ್ಯಗಳನ್ನು ಅಚ್ಚು ಹಾಕಿಸಿದ: ದುರಂತ ನಾಟಕಕ್ಕೆ ಅರಮನೆಗಳ ಸಾಲು, ಹಾಸ್ಯ ನಾಟಕಕ್ಕೆ ಸಾಮಾನ್ಯರ ಬೀದಿ, ಮೂರನೆಯದು ಕಾಡು. ಇದನ್ನು ಓದಿದಾಗ ನನಗೆ ನಗು ಬಂತು. ದರ್ಬಾರು, ಬೀದಿ, ಕಾಡು – ಈ ಮೂರು ಪರದೆ ಇಲ್ಲದೆ ನಮ್ಮ ಯಾವ ಹಳ್ಳಿಯ ನಾಟಕ ತಾನೆ ನಡೆದೀತು?

ಈ ಪರದೆ ಹಡಗೇರಿ ಬಂದದ್ದು. ಇಟಲಿಯಿಂದ ಇಂಗ್ಲೆಂಡಿಗೆ, ಅಲ್ಲಿಂದ ಇಂಗ್ಲಿಷರ ನಾಟಕಶಾಲೆಗಳ ಮೂಲಕ ಮುಂಬಯಿಗೆ. ಅಲ್ಲಿ 1853ರಿಂದ ನಾಟಕವಾಡತೊಡಗಿದ ಪಾರಸಿಗಳು ಅದನ್ನು ಕೈಗೆತ್ತಿಕೊಂಡರು. ಅವರ ಊರೂರು ತಿರುಗಾಟದಿಂದ ನಮ್ಮ ಕಂಪನಿಗಳೂ ಕಲಿತವು. ಆದರೆ ನಮ್ಮವರು ಅದನ್ನು ಹಾಗೆಯೇ ಇಳಿಸಿಕೊಳ್ಳಲಿಲ್ಲ. ಇಟಲಿಯ ಕಮಾನಿನ ಪಕ್ಕಕ್ಕೆ ಗೋಪುರ ಬಂತು, ಚೌಕದ ನೆಲದ ಮೇಲೆ ಧರ್ಮರಾಯನ ಸಿಂಹಾಸನ ಕುಳಿತಿತು. ಸ್ಫೂರ್ತಿ ಎಂದರೆ ಇದೇ ಎಂದು ನನ್ನ ಎಣಿಕೆ: ಬೇರೆಯವರ ಅಳತೆಗೋಲು ತಂದು ನಮ್ಮ ಮನೆ ಕಟ್ಟುವುದು.

ನಮ್ಮ ತಂದೆ ಊರಿನ 'ಕುರುಕ್ಷೇತ್ರ'ದಲ್ಲಿ ವಿದುರನ ಪಾತ್ರ ಮಾಡುತ್ತಿದ್ದರು. ನಾಟಕದ ಕರಪತ್ರಗಳನ್ನು ಅವರು ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಮೇಲೆ ದೇವರ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನಾಟಕದ ಹೆಸರು, ಆಮೇಲೆ ಕಿರಿದಾಗುತ್ತ ಬರುವ ಸಾಲುಗಳು, ಎಲ್ಲವೂ ನಡುವಿಗೆ. 1499ರಲ್ಲಿ ವೆನಿಸ್ಸಿನ ಆಲ್ಡಸ್ ಮನುಟಿಯಸ್ ಅಚ್ಚು ಹಾಕಿದ ಒಂದು ಪುಸ್ತಕದಲ್ಲಿ ಸಾಲುಗಳು ಕೆಳಗಿಳಿದಂತೆ ಕಿರಿದಾಗಿ ಹೂದಾನಿಯ ಆಕಾರ ಪಡೆದಿವೆ. ನಮ್ಮ ಮೊಳೆ ಜೋಡಿಸುವವರು ಅದನ್ನು ಕಂಡವರಲ್ಲ. ಆದರೂ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಆಮೇಲೆ ಎಲ್ಲಿಗೆ ಇಳಿಯಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಂದು ಇದನ್ನು ಗ್ರಾಫಿಕ್ ಡಿಸೈನ್ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ.

ಒಂದು ವರ್ಷ ರಾಜಬೀದಿ ಪರದೆಯ ಫೋಟೋ ಮಾಡಿಸಿ ತರಗತಿಯಲ್ಲಿ ಹಂಚಿದೆ. ಮಾಳಿಗೆಗಳ ಸೂರು, ನೆಲದ ಗೆರೆಗಳನ್ನು ಸ್ಕೇಲಿನಿಂದ ಮುಂದುವರಿಸಲು ಹೇಳಿದೆ. ಎಲ್ಲರ ಗೆರೆಗಳೂ ಹೆಚ್ಚುಕಡಿಮೆ ಒಂದೇ ಕಡೆ ಸೇರಿದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಕೃಷ್ಣನ ಪಾತ್ರದವರು ನಿಂತ್ಕೊಳ್ಳೋದು ಸರಿಯಾಗಿ ಇದರ ಮುಂದೇನೆ!" ಎಂದಳು. ಅವರಪ್ಪನದೇ ಆ ಪಾತ್ರ. ಮರುವಾರ ಅವಳು ಅದೇ ಲೆಕ್ಕದಲ್ಲಿ ಚನ್ನಬಸವೇಶ್ವರ ಸ್ವಾಮಿಯ ತೇರು ಸಾಗುವ ಬೀದಿಯನ್ನು ಬರೆದು ತಂದಳು. ಬ್ರುನೆಲೆಸ್ಕಿಯ ಹೆಸರನ್ನು ಅವಳು ಮರೆಯಲಾರಳು.

ನಮ್ಮ ಸೀಮೆಯಲ್ಲಿ ಹಬ್ಬ ಜಾತ್ರೆಗಳಿಗೆ ಇಂದಿಗೂ ನಾಟಕ ಆಡುತ್ತಾರೆ, ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ಆದರೆ ಕೈಯಿಂದ ಬರೆದ ಪರದೆಗಳು ಮಡಿಕೆಯಲ್ಲಿ ಬಿರಿಯುತ್ತಿವೆ, ಫ್ಲೆಕ್ಸು ಆ ಜಾಗಕ್ಕೆ ಬರುತ್ತಿದೆ. ಬ್ರುನೆಲೆಸ್ಕಿ ಬರೆದ ಆ ಹಲಗೆಯೂ ಇಂದು ಉಳಿದಿಲ್ಲ; ಹೆಸರು ಉಳಿದಿದೆ, ಏಕೆಂದರೆ ಕಂಡವರು ಬರೆದಿಟ್ಟರು. ನಮ್ಮ ತಂದೆಯ ಕರಪತ್ರಗಳಲ್ಲಿ ಪಾತ್ರಧಾರಿಗಳ ಹೆಸರಿದೆ, ಹಾರ್ಮೋನಿಯಂ ಮೇಷ್ಟರ ಹೆಸರಿದೆ, ಸೀನರಿ ಕೊಟ್ಟವರ ಹೆಸರೂ ಇದೆ. ರಾಜಬೀದಿಯನ್ನು ಬರೆದವನ ಹೆಸರು ಮಾತ್ರ ಇಲ್ಲ. ಈಗ ನಾಟಕಕ್ಕೆ ಹೋದಾಗಲೆಲ್ಲ ನಾನು ಪರದೆಯ ಕೆಳಮೂಲೆಯನ್ನು ನೋಡುತ್ತೇನೆ. ಹೆಸರು ಕಂಡರೆ ಅದನ್ನು ನೋಟ್‌ಬುಕ್ಕಿನಲ್ಲಿ, ಊರು ಮತ್ತು ತಾರೀಖಿನ ಸಮೇತ, ಬರೆದುಕೊಳ್ಳುತ್ತೇನೆ.