ಸೆರೆಮನೆ ಆಡಳಿತದಲ್ಲಿ ಅಂತರರಾಷ್ಟ್ರೀಯ ಸಹಕಾರ

ನಾನಾ ದೇಶಗಳ ಕಾರಾಗೃಹ ಅಧಿಕಾರಿಗಳು ಮತ್ತು ಅಪರಾಧಶಾಸ್ತ್ರಜ್ಞರು ಒಂದೆಡೆ ಸೇರಿ ಬಂದಿಗಳ ಪಾಲನೆಗೆ ಸಮಾನ ನಿಯಮಗಳನ್ನು ರೂಪಿಸುವ, ಅನುಭವ ಹಂಚಿಕೊಳ್ಳುವ ಪರಂಪರೆ. ಇಂಥ ನಿಯಮಗಳಿಗೆ ತಮ್ಮಷ್ಟಕ್ಕೆ ಕಾನೂನಿನ ಬಲವಿಲ್ಲ. ಭಾರತದಲ್ಲಿ ಕಾರಾಗೃಹವು ರಾಜ್ಯಪಟ್ಟಿಯ ವಿಷಯವಾದ್ದರಿಂದ ಅವು ಜಾರಿಗೆ ಬರುವುದು ಹೆಚ್ಚಾಗಿ ರಾಜ್ಯಗಳ ಕಾಯ್ದೆ, ಕೈಪಿಡಿಗಳ ಮೂಲಕ.

ಆರಂಭ: ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1846ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆಯಿತು. ಬಂದಿಗಳನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕೋಣೆಯಲ್ಲಿಡುವ ಪದ್ಧತಿಯನ್ನು ಅದು ಎತ್ತಿಹಿಡಿಯಿತು. ಅಮೆರಿಕದ ಇನಾಕ್ ವೈನ್ಸ್ ಅವರ ಶ್ರಮದಿಂದ 1872ರಲ್ಲಿ ಲಂಡನ್ ಸಮ್ಮೇಳನ ಸೇರಿತು. ಅದರಿಂದ ಶಾಶ್ವತ ಆಯೋಗವೊಂದು ಬೆಳೆಯಿತು. ಆಯೋಗ ಸಿದ್ಧಪಡಿಸಿದ ನಿಯಮಗಳನ್ನು 1934ರಲ್ಲಿ ರಾಷ್ಟ್ರಸಂಘ ಅನುಮೋದಿಸಿತು.

ವಿಶ್ವಸಂಸ್ಥೆಯ ಕಾಲ: ಎರಡನೆಯ ಮಹಾಯುದ್ಧದ ಬಳಿಕ ಆಯೋಗದ ಹೊಣೆ ವಿಶ್ವಸಂಸ್ಥೆಗೆ ಬಂತು. 1955ರ ಜಿನೀವಾ ಸಮ್ಮೇಳನ ಬಂದಿಗಳ ಪಾಲನೆಯ ಕನಿಷ್ಠ ಪ್ರಮಾಣ ನಿಯಮಗಳನ್ನು ಅಂಗೀಕರಿಸಿತು. ಏಷ್ಯಾದ ಅಧಿಕಾರಿಗಳ ತರಬೇತಿಗೆ ಜಪಾನಿನಲ್ಲಿ ಸಂಸ್ಥೆಯೊಂದು 1962ರಲ್ಲಿ ಕೆಲಸ ಆರಂಭಿಸಿತು. ಮಹಿಳಾ ಬಂದಿಗಳಿಗಾಗಿ 2010ರಲ್ಲಿ ಬ್ಯಾಂಕಾಕ್ ನಿಯಮಗಳು ಬಂದವು. 2015ರಲ್ಲಿ ಪರಿಷ್ಕೃತಗೊಂಡ ಕನಿಷ್ಠ ನಿಯಮಗಳಿಗೆ ನೆಲ್ಸನ್ ಮಂಡೇಲಾ ಅವರ ಹೆಸರಿಡಲಾಯಿತು. ಸತತ 15 ದಿನ ಮೀರಿದ ಏಕಾಂತ ಸೆರೆಯನ್ನು ಇವು ನಿಷೇಧಿಸುತ್ತವೆ. ಅಂದರೆ ಫ್ರಾಂಕ್‌ಫರ್ಟಿನ ನಿಲುವು ಬಹುಮಟ್ಟಿಗೆ ತಿರುವುಮುರುವಾಯಿತು.

ಭಾರತದಲ್ಲಿ: ವಿಶ್ವಸಂಸ್ಥೆ ಕಳಿಸಿದ ಅಪರಾಧಶಾಸ್ತ್ರಜ್ಞ ವಾಲ್ಟರ್ ರೆಕ್‌ಲೆಸ್ 1951–52ರಲ್ಲಿ ದೇಶದ ಜೈಲುಗಳನ್ನು ಅಧ್ಯಯನ ಮಾಡಿ, ಹಳೆಯ ಕೈಪಿಡಿಗಳ ಪರಿಷ್ಕರಣೆಗೆ ಶಿಫಾರಸು ಮಾಡಿದರು. 1957ರಲ್ಲಿ ಅಖಿಲ ಭಾರತ ಜೈಲು ಕೈಪಿಡಿ ಸಮಿತಿ ನೇಮಕವಾಯಿತು. ದಕ್ಷಿಣದ ರಾಜ್ಯಗಳ ಕಾರಾಗೃಹ ಅಧಿಕಾರಿಗಳ ತರಬೇತಿಗೆ 1979ರಲ್ಲಿ ವೆಲ್ಲೂರಿನಲ್ಲಿ ಅಕಾಡೆಮಿ ಸ್ಥಾಪನೆಯಾಯಿತು. ಕರ್ನಾಟಕವೂ ಅದರ ಪಾಲುದಾರ. ವಿದೇಶಗಳಲ್ಲಿ ಶಿಕ್ಷೆಗೊಳಗಾದವರು ಉಳಿದ ಅವಧಿಯನ್ನು ಸ್ವದೇಶದಲ್ಲಿ ಕಳೆಯಲು 2003ರ ಬಂದಿಗಳ ವಾಪಸಾತಿ ಕಾಯ್ದೆ ದಾರಿ ಮಾಡಿತು.

ಕರ್ನಾಟಕದಲ್ಲಿ: ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ, ಇಂದಿನ ಫ್ರೀಡಂ ಪಾರ್ಕ್, ನಡುವೆ ಕಾವಲುಗೋಪುರ ನಿಲ್ಲಿಸುವ ಯುರೋಪಿನ ಮಾದರಿಯ ಗುರುತು ಉಳಿಸಿಕೊಂಡಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರ ಪತ್ರದಿಂದ ಹುಟ್ಟಿದ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕಿಕ್ಕಿರಿದ ಜೈಲು, ವಿಚಾರಣೆಯ ವಿಳಂಬ, ಆರೋಗ್ಯದ ನಿರ್ಲಕ್ಷ್ಯ ಸೇರಿ ಒಂಬತ್ತು ಸಮಸ್ಯೆಗಳನ್ನು ಪಟ್ಟಿಮಾಡಿ, 1894ರ ಕಾರಾಗೃಹ ಕಾಯ್ದೆಯ ಬದಲಿಗೆ ಹೊಸದು ಬೇಕೆಂದಿತು. 2003 ಮತ್ತು 2016ರಲ್ಲಿ ಕೇಂದ್ರದ ಮಾದರಿ ಕೈಪಿಡಿಗಳು ಬಂದವು. ಎರಡನೆಯದು ವಿಶ್ವಸಂಸ್ಥೆಯ ನಿಯಮಗಳನ್ನೂ ಗಮನಕ್ಕೆ ತೆಗೆದುಕೊಂಡಿದೆ. ರಾಜ್ಯದ 1978ರ ಕೈಪಿಡಿಯ ಜಾಗಕ್ಕೆ 2021ರ ಕೈಪಿಡಿ ಬಂದಿದೆ.